ಮಯಾದಾಳ ಮನೆಯ ಜೋಡಿ ದೀಪ

ನನ್ನದು ತೀರಾ ಸಣ್ಣ ಚಿಂತೆ, ಸೂಜಿಯ ಕಣ್ಣಿನಷ್ಟು ಎಂದು ಡೈರಿಯಲ್ಲಿ ಬರೆದುಕೊಂಡಿದ್ದೆ. ಅಪ್ಪ ಟ್ರಾಮ್ ಡಿಪೋಗೆ ಹೊರಟು, ಅಮ್ಮ ರೊಟ್ಟಿ ಅಂಗಡಿಯ ಸಾಲಿನಲ್ಲಿ ನಿಲ್ಲಲು ಕೆಳಗಿಳಿದಳೋ ಇಲ್ಲವೋ, ತೇತಾ ನನ್ನ ಕೋಣೆಗೆ ಬರುತ್ತಿದ್ದಳು. ತೇತಾ ಎಂದರೆ ನಮ್ಮ ಅಜ್ಜಿ, ಅಮ್ಮನ ಅಮ್ಮ. ಸೂಜಿ ಚುಚ್ಚಿದ ಪುಟ್ಟ ಮೆತ್ತೆಯೊಂದನ್ನು ನನ್ನ ಮಡಿಲಿಗೆ ಹಾಕಿ ಬಾಗಿಲ ಕಡೆ ಮುಖ ಮಾಡಿ ಕೂರುತ್ತಿದ್ದಳು. ಹನ್ನೆರಡು ಸೂಜಿ. ಹನ್ನೆರಡಕ್ಕೂ ದಾರ ಪೋಣಿಸಿ ಕೊಡಬೇಕು. ಸಂಜೆಯವರೆಗಿನ ಹೊಲಿಗೆಗೆ ಅಷ್ಟು ಸಾಕು.

"ನಿಮ್ಮಮ್ಮನಿಗೆ ಹೇಳ್ಬೇಡ."

"ಇಲ್ಲ, ತೇತಾ."

"ಹೇಳಿದ್ರೆ ಇವತ್ತು ಸೂಜಿ ಕಿತ್ಕೋತಾಳೆ, ನಾಳೆ ಒಲೆ, ನಾಡಿದ್ದು ಬೀದಿ. ಆಮೇಲೆ ನನ್ನನ್ನ ಸೋಫಾ ಮೇಲೆ ಕೂರಿಸಿ ಮೇಲೊಂದು ಬೆಡ್‌ಶೀಟು ಹೊದಿಸಿಬಿಡಿ."

ಕಣ್ಣಿನ ಡಾಕ್ಟರ ಮಾತೆತ್ತಿದರೆ ತನ್ನ ತಂಗಿ ರತೀಬಾಳ ಕಥೆ ಹೇಳುತ್ತಿದ್ದಳು. ರತೀಬಾ ಹಿಂದೆ ಯಾವಾಗಲೋ ಆಪರೇಷನ್ನಿಗೆಂದು ಎರಡು ಕಣ್ಣು ಇಟ್ಟುಕೊಂಡು ಹೋಗಿ ಒಂದೇ ಕಣ್ಣು ಇಟ್ಟುಕೊಂಡು ಬಂದವಳು. ಅಲ್ಲಿಗೆ ಮಾತು ಮುಗಿಯುತ್ತಿತ್ತು. ಬಿ.ಎ. ಮುಗಿಸಿ ಎರಡು ವರ್ಷ ಮನೆಯಲ್ಲೇ ಇರುವ ನನಗೆ, ಬಾಯಿಲ್ಲದ ಹುಡುಗಿ ಎಂಬ ಹೆಸರಿದೆ. ತೇತಾ ಹುಡುಕಿಕೊಂಡು ನನ್ನ ಹತ್ತಿರವೇ ಬಂದದ್ದು ಅದಕ್ಕೇ.

ನಲವತ್ತು ವರ್ಷ ಅವಳು ಅತ್ತಾರೀನ್ ಪೇಟೆಯ ಅಂಗಡಿಗಳಿಗೆ ದೀಪದ ಶೇಡ್ ಹೊಲಿದಿದ್ದಳು. ಶೇಡ್ ಎಂಬ ಮಾತು ಅವಳಿಗೆ ಸೇರದು. ಅವಳ ಬಾಯಲ್ಲಿ ಅದು ಲಂಗ. ತಂತಿಯ ಚೌಕಟ್ಟಿಗೆ ಬಟ್ಟೆಯ ಪಟ್ಟಿ ಸುತ್ತಿ, ಒಳಗೆ ಅಸ್ತರು ಕೊಟ್ಟು, ಮೇಲೆ ರೇಷ್ಮೆಯನ್ನು ತಮಟೆಯ ಚರ್ಮದ ಹಾಗೆ ಬಿಗಿದು, ಅಂಚಿಗೆ ಕುಚ್ಚು ಕಟ್ಟಿದರೆ ದೀಪಕ್ಕೆ ಲಂಗ ಉಡಿಸಿದಂತೆ. ಗಂಡಸು ಕಸುಬುದಾರರನ್ನು ಕರೆಯುವ 'ಉಸ್ತಾ' ಎಂಬ ಹೆಸರು ನಮ್ಮ ಅಲೆಕ್ಸಾಂಡ್ರಿಯಾದಲ್ಲಿ ಇನ್ನೊಬ್ಬ ಹೆಂಗಸಿಗೆ ಸಿಕ್ಕಿದ್ದನ್ನು ನಾನು ಕೇಳಿಲ್ಲ. ಅತ್ತಾರೀನಿನ ಬೀದಿಯಲ್ಲಿ ಅವಳು ಉಸ್ತಾ ಎತಿದಾಲ್.

ಅಕ್ಕ ಮಯಾದಾಳ ಮದುವೆಗೆ ಏಳು ವಾರ ಇತ್ತು. ಮನೆ, ಮಂಚ, ಸೋಫಾ ಗಂಡಿನ ಕಡೆಯವರದು. ಅಡುಗೆಮನೆ, ಜಮಖಾನೆ, ಪರದೆ, ದೀಪ ನಮ್ಮ ಕಡೆಯದು. ಸೋಫಾದ ಎರಡು ತುದಿಗೂ ನೆಲದ ಮೇಲೆ ನಿಲ್ಲುವ ಆಳೆತ್ತರದ ದೀಪ ಬೇಕೆಂದು ಬೀಗಿತ್ತಿ ಕರಿಮಾನ್ ಫೋನಿನಲ್ಲಿ ಹೇಳಿಕಳಿಸಿದ್ದರು. ಶುಕ್ರವಾರದ ಊಟಕ್ಕೆ ಕೂತಾಗ ಅಮ್ಮ ಆ ಸುದ್ದಿ ಬಡಿಸಿದಳು.

"ಅವರ ನಾದಿನಿ ಮನೇಲಿ ಸ್ಟೀಲಿಂದು ಇದೆಯಂತೆ. ಕೆಳಗಿಂದ ಎದ್ದು, ಹಿಂಗೆ ಬಾಗಿ, ಮೀನು ಹಿಡಿಯೋ ಗಾಳದ ಥರ. ಅಂಥದ್ದೇ ಎರಡು ಬೇಕಂತೆ. ಮಾಲಲ್ಲಿ ಸಿಗುತ್ತಂತೆ."

"ಗಾಳದ ಕೆಳಗೆ ಕೂತವರು ಮೀನಾ?" ತೇತಾ ಕೇಳಿದಳು.

ಅಪ್ಪ ನಕ್ಕುಬಿಟ್ಟ. "ಮೊದಲು ಕಚ್ಚೋದು ನಮ್ಮ ಬೀಗರೇ."

"ನೀವು ನಗಿ. ಫೋನ್ ಎತ್ತೋಳು ನಾನು ತಾನೇ?" ಅಮ್ಮ ಮುಲೂಖಿಯಾ ಸೊಪ್ಪಿನ ಸಾರನ್ನು ಅಪ್ಪನ ಬಟ್ಟಲಿಗೆ ಕುಕ್ಕಿದಳು. "ಅಮ್ಮಾ, ನೀನು ಹೇಳು. ಮಾಲಿಂದ ತಂದುಬಿಡೋಣ, ಮುಗೀತು."

"ಊರ ಹೆಣ್ಮಕ್ಕಳ ದೀಪಕ್ಕೆಲ್ಲ ಲಂಗ ಹೊಲಿದೋಳು ನಾನು. ನನ್ನ ಮೊಮ್ಮಗಳ ಮನೇಲಿ ದೀಪ ಬತ್ತಲೆ ನಿಲ್ಬೇಕಾ, ಸನಿಯ್ಯಾ?"

"ನಿನಗೀಗ ವಯಸ್ಸೆಷ್ಟು?"

"ದೀಪ ನನ್ನ ವಯಸ್ಸು ಕೇಳಿತಾ?"

ಮಯಾದಾ ತಟ್ಟೆಯಲ್ಲೇ ಕಣ್ಣಿಟ್ಟಿದ್ದಳು. ಅತ್ತೆಯ ಭಯ ಒಂದು ಕಡೆ, ಅಜ್ಜಿಯ ಆಸೆ ಒಂದು ಕಡೆ. ಕೊನೆಗೆ ರೊಟ್ಟಿ ಹರಿಯುತ್ತಾ ಮೆಲ್ಲಗೆ ಅಂದಳು: "ನಂಗೆ ತೇತಾ ಹೊಲಿದದ್ದೇ ಬೇಕು. ಅತ್ತೆಗೆ ನಾನೇ ಹೇಳ್ತೀನಿ."

ಅಷ್ಟರಲ್ಲಿ ಅಪ್ಪನ ಬಾಯಲ್ಲಿ ಕಟಂ ಎಂದಿತು. ಅನ್ನದಲ್ಲಿ ಕಲ್ಲು. ಆ ವಾರ ಅದು ಮೂರನೆಯದು.

"ಅಕ್ಕಿ ಆರಿಸಿದ್ದು ಯಾರು?" ಅಮ್ಮ ಕೇಳಿದಳು.

ಆರಿಸಿದ್ದು ತೇತಾ. ಅವಳ ಕೈಯಲ್ಲಿದ್ದ ಚಮಚ ಅಲ್ಲೇ ನಿಂತಿತು.

"ನಾನು," ಅಂದೆ.

"ಓದಿದ್ದೆಲ್ಲ ಎಲ್ಲಿಗೆ ಹೋಯ್ತೇ ಬಸಂತ್? ಕಲ್ಲು ಯಾವುದು ಅಕ್ಕಿ ಯಾವುದು ಅಂತ ಗೊತ್ತಾಗಲ್ವಾ? ನಿನ್ನನ್ನ ಯಾವ ಮನೆಗೆ ಕೊಡೋದು ನಾನು?"

ಊಟ ಮುಗಿಯುವಾಗ ತೇತಾ ತನ್ನ ಪಾಲಿನ ಕೋಳಿ ತೊಡೆಯನ್ನು ನನ್ನ ತಟ್ಟೆಗೆ ಹಾಕಿ ಎದ್ದುಹೋದಳು.

ಮುಂದಿನ ಮಂಗಳವಾರ ಅವಳು ನನ್ನ ತೋಳು ಹಿಡಿದು ಅತ್ತಾರೀನಿಗೆ ಹೊರಟಳು. ತೇತಾ ಮೊದಲಿಂದಲೂ ಹೊಲಿದುಕೊಡುತ್ತಿದ್ದ ಬುತ್ರುಸ್ ಮಾಮನ ಅಂಗಡಿ ಓಣಿಯ ಒಳಗಿದೆ. ಮುಂದೆ ದೀಪ, ಹಿಂದೆ ರೇಷ್ಮೆ ಥಾನುಗಳು. ಮಾಮ ಎದ್ದು ಬಂದು ತೇತಾಳ ಕೈ ಹಿಡಿದು ಕುರ್ಚಿಗೆ ಕೂರಿಸಿದರು.

"ಉಸ್ತಾ ಬಂದ್ರು ಅಂದ್ರೆ ಅಂಗಡಿಗೇ ಬೆಳಕು."

"ಸುಮ್ನೆ ಹೊಗಳಬೇಡ. ಕಂಬ ತೋರಿಸು. ನನ್ನ ಮೊಮ್ಮಗಳಿಗೆ."

ಅವಳು ದೀಪ ಆರಿಸುವುದನ್ನು ನಾನು ಹತ್ತಿರದಿಂದ ನೋಡಿದ್ದು ಅವತ್ತೇ. ಹಿತ್ತಾಳೆಯ ಕಂಬಕ್ಕೆ ಉಗುರಿನಿಂದ ಟಣ್ ಎಂದು ಹೊಡೆದು ಕಿವಿ ಕೊಟ್ಟಳು. ಮೊದಲನೆಯದಕ್ಕೆ, "ಇದು ಡಬ್ಬ," ಅಂದಳು. ಎರಡನೆಯದಕ್ಕೆ, "ಮೇಲೆ ಹಿತ್ತಾಳೆ, ಒಳಗೆ ಸುಳ್ಳು." ಮೂರನೆಯದು ಚರ್ಚಿನ ಗಂಟೆ ನಿಂತ ಮೇಲೂ ಉಳಿಯುವ ಸದ್ದಿನ ಹಾಗೆ ಸ್ವಲ್ಪ ಹೊತ್ತು ಉಲಿಯಿತು. ಅವಳು ಎದ್ದು ಸೊಂಟದಿಂದ ಅದಕ್ಕೊಂದು ಗುದ್ದು ಕೊಟ್ಟಳು. ಕಂಬ ಅಲುಗಾಡಿ ಮತ್ತೆ ನೆಟ್ಟಗೆ ನಿಂತಿತು.

"ಇವತ್ತು ಮದುವೆ. ಎರಡು ವರ್ಷಕ್ಕೆ ಮಗು ಓಡ್ತಾ ಬಂದು ಡಿಕ್ಕಿ ಹೊಡೆಯುತ್ತೆ. ದೀಪ ಬೀಳಬಾರ್ದು, ಮಗುನೂ ಅಳಬಾರ್ದು. ಬಸಂತ್, ಇಲ್ಲಿ ಕೂರು. ಬಲ್ಬು ಕಣ್ಣಿಗೆ ಕಾಣ್ತಿದೆಯಾ?"

ಕೂತು ನೋಡಿದೆ. "ಕಾಣ್ತಿದೆ."

"ಹಾಗಾದ್ರೆ ಎತ್ತರ ಆಯ್ತು. ಕೂತವರಿಗೆ ಬೆಳಕು ಸಿಗಬೇಕು, ಬಲ್ಬು ಸಿಗಬಾರ್ದು. ಅತಿಥಿ ಬಂದು ಕಣ್ಣು ಕಿರಿದು ಮಾಡ್ಕೊಂಡು ಕೂತ್ರೆ ಅದೇನು ದೀಪ, ಪೊಲೀಸ್ ಠಾಣೆ. ಬುತ್ರುಸ್, ನಾಲ್ಕು ಬೆರಳು ಇಳಿಸು. ಇಂಥದ್ದೇ ಎರಡು ಬೇಕು."

ಮಾಮ ನಾಲ್ಕು ಬೆರಳು ಇಳಿಸಿದರು. ನಾನು ಮತ್ತೆ ಕೂತೆ. ಬೆಳಕು ನನ್ನ ಮಡಿಲಿಗೆ, ಕೈಗಳಿಗೆ ಬಿತ್ತು, ಬಲ್ಬು ಕಾಣಲಿಲ್ಲ. ಅಂಗಡಿಯಲ್ಲಿ ನೂರು ದೀಪ ಉರಿಯುತ್ತಿದ್ದರೂ ಅದೊಂದರ ಕೆಳಗೆ ಮಾತ್ರ ಕೂತುಬಿಡೋಣ ಅನ್ನಿಸಿತು. ಸ್ಟೀಲಿನ ಗಾಳ ಕೇಳಲು ಬಂದಿದ್ದ ಹೊಸ ಜೋಡಿಯೊಂದು ಬಾಯಿ ಮುಚ್ಚಿಕೊಂಡು ನಿಂತು ನೋಡಿತು. ಕೊನೆಗೆ ಆ ಹುಡುಗಿ ತೇತಾಳನ್ನೇ ಕೇಳಿದಳು, "ಅಜ್ಜೀ, ನಮಗೂ ಒಂದು ಆರಿಸಿ ಕೊಡ್ತೀರಾ?" ತೇತಾ ಕೊಟ್ಟಳು. ಆ ಹುಡುಗಿ ಎಷ್ಟೆತ್ತರ ಎಂದು ಕೇಳಿ, ಹೆಗಲು ಮುಟ್ಟಿ ನೋಡಿ, ಉಗುರಿನಿಂದ ಐದು ಕಂಬ ಬಾರಿಸಿ.

ಆಮೇಲೆ ಬಟ್ಟೆ. ತೇತಾ ಥಾನುಗಳ ಮುಂದೆ ನಿಂತು ಬೆರಳ ತುದಿಯಲ್ಲಿ ಒಂದೊಂದನ್ನೇ ತಿಕ್ಕಿ ನೋಡಿದಳು. "ಸಮುದ್ರದ ನೀಲಿ ಕೊಡು. ಬೆಳಗಿನ ಸಮುದ್ರ, ಸಂಜೇದಲ್ಲ." ಮಾಮ ಥಾನು ಬಿಚ್ಚಿ ಕತ್ತರಿಸಿದರು. ಒಂದು ದೀಪಕ್ಕಾಗುವಷ್ಟಕ್ಕೆ ಥಾನು ಮುಗಿಯಿತು. ಅಷ್ಟರಲ್ಲಿ ಆ ಹೊಸ ಜೋಡಿ ಮಾಮನನ್ನು ಅಂಗಡಿಯ ಮುಂದಕ್ಕೆ ಕರೆಯಿತು. ತೇತಾ ಪಕ್ಕದ ಥಾನು ಮುಟ್ಟಿ, ಅದೇ ನೇಯ್ಗೆ, ಅದೇ ತೂಕ ಎಂದು ಖಾತ್ರಿ ಮಾಡಿಕೊಂಡು ಎಳೆದಿಟ್ಟಳು. ಮಾಮ ಬಂದವರು ಒಂದು ಗಳಿಗೆ ಅದನ್ನೇ ನೋಡಿದರು.

"ಇದೂನಾ, ಉಸ್ತಾ?"

"ಇದೇ."

ಉಸ್ತಾ ಆರಿಸಿದ್ದನ್ನು ಅತ್ತಾರೀನಿನಲ್ಲಿ ಯಾರೂ ಎರಡನೇ ಸಲ ಕೇಳುವುದಿಲ್ಲ. ಮಾಮ ಕತ್ತರಿಸಿದರು. ಅದು ಪಿಸ್ತಾ ಹಸಿರು. ದಿಂಬಿಗೋ ಏನೋ ಇರಬೇಕು, ಎರಡನೇ ದೀಪದ ನೀಲಿ ಆಮೇಲೆ ಬರುತ್ತದೆ ಎಂದುಕೊಂಡೆ. ಹೊರಡುವಾಗ ಮಾಮ ನನ್ನನ್ನು ಪಕ್ಕಕ್ಕೆ ಕರೆದು, "ಮೆಟ್ಟಿಲಿಳಿಯುವಾಗ ಅಜ್ಜಿ ಕೈ ಬಿಡಬೇಡಮ್ಮ," ಎಂದಷ್ಟೇ ಹೇಳಿದರು.

ಮೊದಲ ಲಂಗಕ್ಕೆ ಎರಡು ವಾರ ಹಿಡಿಯಿತು. ಊಟದ ಮೇಜು ತೇತಾಳ ಪಾಲಾಯಿತು. ನಾವು ನೆಲದ ಮೇಲೆ ಕೂತು ಉಂಡೆವು. ಅಮ್ಮ ಎಲೆಕೋಸಿನ ಎಲೆಯಲ್ಲಿ ಅನ್ನ ಸುತ್ತುತ್ತಾ ದಿನಕ್ಕೆರಡು ಸಲ ಗೊಣಗಿದಳು: "ಮದುವೆ ಮನೆಯೋ ದರ್ಜಿ ಅಂಗಡಿಯೋ?" ಆದರೆ ತೇತಾ ರೇಷ್ಮೆ ಎಳೆದು ಬಿಗಿಯುವ ಹೊತ್ತಿಗೆ ಅವಳೂ ಕೈ ಒರೆಸಿಕೊಂಡು ಬಂದು ನಿಲ್ಲುತ್ತಿದ್ದಳು. ತೇತಾ ಬಟ್ಟೆಯನ್ನು ನೋಡುತ್ತಲೇ ಇರಲಿಲ್ಲ. ಹೆಬ್ಬೆರಳು ಮುಂದೆ, ಸೂಜಿ ಹಿಂದೆ; ಹೆಬ್ಬೆರಳು ಸರಿದಷ್ಟೇ ಸೂಜಿ ಸರಿಯುತ್ತಿತ್ತು. ಒಂದೇ ಒಂದು ಹೊಲಿಗೆ ಉದ್ದ ಆಗಲಿಲ್ಲ, ಒಂದೇ ಒಂದು ಗಿಡ್ಡ ಆಗಲಿಲ್ಲ.

"ನೋಡೇ, ನೋಡದೇ ಹೊಲೀತಾಳೆ ನಮ್ಮಮ್ಮ," ಅಮ್ಮ ನನಗೆ ಹೇಳಿದಳು, ಬೀಗುತ್ತಾ. "ನಾನು ಚಿಕ್ಕವಳಿದ್ದಾಗ ಕರೆಂಟ್ ಹೋದ್ರೂ ಇವಳ ಕೈ ನಿಲ್ತಾ ಇರಲಿಲ್ಲ."

ನಾನು ಸೂಜಿ ಮೆತ್ತೆ ಎತ್ತಿಟ್ಟೆ.

ಹೊಲಿದ ಲಂಗವನ್ನು ಮನೆ ಜೋಡಿಸುವ ದಿನದವರೆಗೆ ಯಾರೂ ನೋಡಕೂಡದು, ದೃಷ್ಟಿಯಾಗುತ್ತದೆ ಎಂಬುದು ತೇತಾಳ ಕಟ್ಟಳೆ. ಮೊದಲನೆಯದು ಮುಗಿದದ್ದೇ ಬಿಳಿ ಬೆಡ್‌ಶೀಟು ಹೊದಿಸಿ ಕಟ್ಟಿ ತನ್ನ ಕೋಣೆಯಲ್ಲಿಟ್ಟಳು. ಎರಡನೆಯದನ್ನು ಅಲ್ಲೇ, ಬಾಗಿಲು ಹಾಕಿಕೊಂಡು ಹೊಲಿಯತೊಡಗಿದಳು. ನನಗೊಬ್ಬಳಿಗೇ ಒಳಗೆ ಹೋಗಲು ಅಪ್ಪಣೆ.

ಒಳಗೆ ಹೋದ ಮೊದಲ ಬೆಳಗ್ಗೆ ಅವಳ ಮಡಿಲಲ್ಲಿ ಪಿಸ್ತಾ ಹಸಿರು ರೇಷ್ಮೆ ಇತ್ತು.

"ಎಷ್ಟು ಚೆನ್ನಾಗಿದೆ ನೋಡು ನೀಲಿ," ಬಟ್ಟೆಯನ್ನು ಕಿಟಕಿಗೆ ಹಿಡಿದು ಅಂದಳು. "ಬುತ್ರುಸ್ ಒಳ್ಳೇ ಮಾಲು ಇಟ್ಟಿದಾನೆ. ಅದರ ಜೋಡಿನೇ ಅಲ್ವಾ?"

ಕಿಟಕಿಯ ಬೆಳಕಿನಲ್ಲಿ ಅವಳ ಕಣ್ಣುಗಳ ಮೇಲೆ ಗಂಜಿಯ ಕೆನೆಯಂತೆ ಏನೋ ಕಟ್ಟಿದ್ದು ಸ್ಪಷ್ಟವಾಗಿ ಕಾಣಿಸಿತು. ಬಾಯಿ ತೆರೆದೆ. ಸೂಜಿ, ಒಲೆ, ಬೀದಿ ಎಂದು ಅವಳು ಎಣಿಸಿದ್ದು ನೆನಪಾಯಿತು.

"ಹ್ಞೂಂ, ತೇತಾ," ಅಂದೆ.

"ನೀಲಿ ದಾರ ಪೋಣಿಸು ಮತ್ತೆ."

ನೀಲಿ ದಾರ ಹಾಕಿದರೆ ಹಸಿರಿನ ಮೇಲೆ ಒಂದೊಂದು ಹೊಲಿಗೆಯೂ ಎದ್ದು ಕಾಣುತ್ತದೆ. ಅವಳ ಹೊಲಿಗೆ ಹಾಗೆ ಹೆಸರು ಕೆಡಿಸಿಕೊಳ್ಳುವುದನ್ನು ನೋಡಲಾರದೆ, ದಾರದ ಡಬ್ಬಿಯಿಂದ ಹಸಿರು ಉಂಡೆ ತೆಗೆದೆ. ಹನ್ನೆರಡು ಸೂಜಿಗೂ ಹಸಿರು ದಾರ. ಮರುದಿನವೂ ಅದೇ. ಹತ್ತು ದಿನ ಅದೇ.

ಅವತ್ತಿನಿಂದ ನಾನು ಡೈರಿ ಬರೆಯಲಿಲ್ಲ.

ಮನೆ ಜೋಡಿಸುವ ದಿನ ನಮ್ಮ ಸಾಮಾನು ಎರಡು ಪಿಕಪ್ ಗಾಡಿಯಲ್ಲಿ ಮುಹರ್ರಮ್ ಬೇ ಬೀದಿಯುದ್ದಕ್ಕೂ ಹಾರ್ನ್ ಹೊಡೆಯುತ್ತಾ ಹೋಯಿತು. ಫ್ರಿಜ್ಜು, ಸುತ್ತಿದ ಜಮಖಾನೆ, ಪಾತ್ರೆ ತುಂಬಿದ ಡಬ್ಬಗಳು, ನಡುವೆ ಬಿಳಿ ಬಟ್ಟೆ ಹೊದ್ದ ಎರಡು ದೀಪ, ಮುಸುಕು ಹಾಕಿದ ಹೆಂಗಸರು ನಿಂತ ಹಾಗೆ. ಬಾಲ್ಕನಿಗಳಿಂದ ಹೆಂಗಸರು ನಾಲಿಗೆ ಆಡಿಸಿ ಉಲುಲು ಹಾಕಿದರು. ಪ್ಲಗ್ಗು ಜೋಡಿಸಲೆಂದು ಬುತ್ರುಸ್ ಮಾಮ ಸ್ಕ್ರೂಡ್ರೈವರ್ ಹಿಡಿದು ತಾವೇ ಬಂದಿದ್ದರು.

ಹೊಸ ಮನೆಯಲ್ಲಿ ಗಂಡಿನ ಕಡೆಯ ಹೆಂಗಸರೆಲ್ಲ ನೆರೆದಿದ್ದರು. ಕೆಂಪು ಶರಬತ್ತು ಹಂಚಿದ್ದಾಯಿತು. ಕರಿಮಾನ್ ಅಡುಗೆಮನೆಯ ಕಪಾಟುಗಳನ್ನು ತೆರೆದು ಮುಚ್ಚಿ, ಪರದೆಯ ಅಂಚು ಹಿಡಿದು ನೋಡಿ, "ಚೆನ್ನಾಗಿದೆ, ಚೆನ್ನಾಗಿದೆ," ಅಂದರು. ತೇತಾ ಹೊಸ ಸೋಫಾದ ನಡುವೆ ರಾಣಿಯ ಹಾಗೆ ಕೂತಿದ್ದಳು.

"ಈಗ ದೀಪ ಹಚ್ಚು, ಬುತ್ರುಸ್. ಪರದೆ ಎಳೀರಿ. ಕತ್ತಲಾಗಲಿ."

ಮಯಾದಾ ದೀಪಗಳ ಮುಸುಕು ಎಳೆದಳು. ಮಾಮ ಗುಂಡಿ ಒತ್ತಿದರು.

ಒಂದು ಕಡೆ ಬೆಳಗಿನ ಸಮುದ್ರ, ಇನ್ನೊಂದು ಕಡೆ ಎಳೆಯ ಪಿಸ್ತಾ. ಬಿಗಿದ ರೇಷ್ಮೆಯಲ್ಲಿ ಒಂದು ಸುಕ್ಕಿರಲಿಲ್ಲ. ಕುಚ್ಚುಗಳ ನೆರಳು ಗೋಡೆಯ ಮೇಲೆ ಸಾಲಾಗಿ ಇಳಿದಿತ್ತು. ನಡುವೆ ತೇತಾಳ ಮುಖದ ಒಂದು ಕೆನ್ನೆ ನೀಲಿ, ಒಂದು ಕೆನ್ನೆ ಹಸಿರು. ನಾನು ಇಷ್ಟು ಚೆಂದದ ಎರಡು ದೀಪಗಳನ್ನು ನೋಡಿರಲಿಲ್ಲ. ಆದರೆ ಉಲುಲು ಹಾಕಲು ಬಾಯಿಗೆ ಕೈ ತಂದಿದ್ದ ಹೆಂಗಸರು ಹಾಗೇ ಕೈ ಇಳಿಸಿದರು.

"ಸನಿಯ್ಯಾ ಅವರೇ," ಕರಿಮಾನ್ ನಯವಾಗಿ ಅಂದರು, "ಒಂದು ನೀಲಿ, ಒಂದು ಹಸಿರು. ಮನೇಲಿ ಚೂರು ಬಟ್ಟೆ ಉಳಿದಿತ್ತೇನೋ. ಒಂದು ಮಾತು ಹೇಳಿದ್ರೆ ಜೋಡಿ ನಾವೇ ತಂದುಕೊಳ್ತಿದ್ವಲ್ಲ."

ಅಮ್ಮನ ಮುಖ ಕೆಂಪಾಯಿತು. "ಈಗ... ಈಗ ಹೀಗೇ ಅಲ್ವಾ ಫ್ಯಾಷನ್ನು..."

"ಹೌದಾ? ನಮ್ಮ ಕಡೆ ಇನ್ನೂ ಬಂದಿಲ್ಲ."

ಯಾರೋ ಕಿಸಕ್ಕೆಂದರು. ಮಯಾದಾ ತುಟಿ ಕಚ್ಚಿಕೊಂಡು ನೆಲ ನೋಡುತ್ತಿದ್ದಳು.

"ಯಾವ ಹಸಿರು?" ತೇತಾ ಕೇಳಿದಳು.

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಯಾವ ಹಸಿರು ಅಂದೆ. ಎರಡೂ ನೀಲಿ. ಹೊಲಿದೋಳು ನಾನು."

"ನಾನೇನು ಕುರುಡೀನೇ, ಅಜ್ಜೀ?" ಅಂದರು ಕರಿಮಾನ್.

ತೇತಾ ಎದ್ದಳು. ಬಲಗಡೆಯ ದೀಪದ ಹತ್ತಿರ ಹೋಗಿ ರೇಷ್ಮೆಯನ್ನು ಬೆರಳಿನಲ್ಲಿ ತಿಕ್ಕಿದಳು. ಎಡಗಡೆಗೆ ಹೋಗಿ ಅದನ್ನೂ ತಿಕ್ಕಿದಳು. ಅದೇ ನೇಯ್ಗೆ, ಅದೇ ತೂಕ. ಸುತ್ತಲಿನ ಮೌನಕ್ಕೆ ಕಿವಿ ಕೊಟ್ಟಳು. ಆಮೇಲೆ ಅವಳ ದನಿ ಏರಿತು.

"ಬುತ್ರುಸ್! ನೀಲಿ ಅಂತ ಹೇಳಿ ನನಗೆ ಹಸಿರು ಕತ್ತರಿಸಿ ಕೊಟ್ಯಾ?"

ಮಾಮ ಸ್ಕ್ರೂಡ್ರೈವರನ್ನು ಜೇಬಿಗೆ ಹಾಕಿಕೊಂಡರು. ತೇತಾಳ ಕಣ್ಣುಗಳನ್ನೇ ನೋಡಿದರು. ಆಮೇಲೆ ಒಂದು ಕ್ಷಣ ನನ್ನನ್ನು ನೋಡಿದರು. ಅವರಿಗೆ ಎಲ್ಲ ಗೊತ್ತಾಗಿದೆ ಎಂದು ನನಗೆ ಗೊತ್ತಾಯಿತು.

"ಹೌದು, ಉಸ್ತಾ," ಅಂದರು. "ತಪ್ಪು ನನ್ನದೇ. ಗಿರಾಕಿ ಗಲಾಟೇಲಿ ಥಾನು ಬದಲಾಗೋಯ್ತು. ಎಲ್ಲರ ಎದುರಿಗೇ ಕ್ಷಮೆ ಕೇಳ್ತೀನಿ."

"ಕ್ಷಮೆ! ನನ್ನ ಮೊಮ್ಮಗಳ ಮಾನ ತೆಗೆದು ಕ್ಷಮೆ! ನಲವತ್ತು ವರ್ಷ ನಿನ್ನ ಮನೆ ಉಪ್ಪು ತಿಂದೆ, ನನ್ನ ಮನೆ ಉಪ್ಪು ನಿನಗೆ ತಿನ್ನಿಸ್ದೆ. ಇವತ್ತಿಗೆ ಮುಗೀತು. ಇನ್ನು ನಿನ್ನ ಅಂಗಡಿ ಮೆಟ್ಟಿಲು ನಾನು ಹತ್ತಲ್ಲ. ಅತ್ತಾರೀನಿನ ತುಂಬಾ ಹೇಳಿ ಬರ್ತೀನಿ, ಬುತ್ರುಸ್ ಅಂದ್ರೆ ಕಣ್ಣಿಗೆ ಮಣ್ಣೆರಚೋನು ಅಂತ."

"ಸರಿ, ಉಸ್ತಾ," ಅಂದರು ಮಾಮ. ಅಷ್ಟೇ ಅಂದರು. ಅರವತ್ತು ದಾಟಿದ ಮನುಷ್ಯ, ನಾಳೆ ಗಿರಾಕಿಗಳಾಗಬಹುದಾದ ಇಪ್ಪತ್ತು ಹೆಂಗಸರ ಎದುರು ತಲೆ ತಗ್ಗಿಸಿ ನಿಂತಿದ್ದರು.

"ನನ್ನ ಮಾತು ನಂಬಲ್ಲ ಅಂದ್ರೆ ಇವಳನ್ನ ಕೇಳಿ." ತೇತಾ ಕೈ ಚಾಚಿ ಗಾಳಿಯಲ್ಲಿ ನನ್ನ ತೋಳು ಹುಡುಕಿದಳು. ಸಿಕ್ಕಿತು. ಬಿಗಿಯಾಗಿ ಹಿಡಿದಳು. "ಬಸಂತ್ ನನ್ನ ಜೊತೇಲೇ ಇದ್ದಳು. ಹೇಳೇ, ಬಂಗಾರ. ನಾನು ನೀಲಿ ತಾನೇ ಕೇಳಿದ್ದು?"

ಅಮ್ಮ ನನ್ನ ಕಡೆ ನೋಡಿದಳು. ಮಯಾದಾ ನೋಡಿದಳು. ಕರಿಮಾನ್ ಶರಬತ್ತಿನ ಲೋಟ ಕೆಳಗಿಟ್ಟರು. ನನ್ನ ತೋಳಿನ ಮೇಲಿದ್ದ ಆ ಬೆರಳುಗಳು ಸೂಜಿ ಚುಚ್ಚಿ ಚುಚ್ಚಿ ಒರಟಾಗಿದ್ದವು. ನಲವತ್ತು ವರ್ಷದಲ್ಲಿ ಒಂದು ಹೊಲಿಗೆ ಸುಳ್ಳು ಹಾಕದ ಬೆರಳು. ಎಂದಿನ 'ಹ್ಞೂಂ' ನನ್ನ ಗಂಟಲಿಗೆ ಬಂತು. ಅದನ್ನು ನುಂಗಿಕೊಂಡೆ. ಅವಳ ಕೈಯ ಮೇಲೆ ನನ್ನ ಕೈ ಇಟ್ಟೆ.

"ನೀನು ಕೇಳಿದ್ದು ನೀಲಿನೇ, ತೇತಾ. ಆದ್ರೆ ಮಾಮ ತಪ್ಪು ಮಾಡಿಲ್ಲ," ಅಂದೆ. ನನ್ನ ದನಿ ಇಡೀ ಕೋಣೆಗೆ ಕೇಳಿಸಿತು. "ನಿನಗೆ ಕಣ್ಣು ಕಾಣಲ್ಲ. ಹಸಿರು ಬಟ್ಟೆಗೆ ಹಸಿರು ದಾರ ಪೋಣಿಸಿ ಕೊಟ್ಟೋಳು ನಾನು."